ಸದ್ದಿಲ್ಲದ ಪೆಟ್ಟಿಗೆ

ಕೊರಿನ್ ಲೋಟ ತೊಳೆಯುತ್ತಿದ್ದಳು. ಹಿಲ್ಕಾ ಒರೆಸುತ್ತಿದ್ದಳು.

ಸಮುದಾಯ ಭವನದ ಅಡುಗೆಮನೆಯ ಗೋಡೆಗೆ ಸಾಲಾಗಿ ಕೊಕ್ಕೆಗಳಿದ್ದವು. ಕಂಪ್ಯೂಟರ್ ಕೂಟದವರ ಕಾಫಿ ಲೋಟಗಳಿಗೆ ಒಬ್ಬೊಬ್ಬರಿಗೆ ಒಂದೊಂದು ಕೊಕ್ಕೆ. ಹಿಲ್ಕಾ ಒರೆಸಿದ ಲೋಟಗಳನ್ನು ಒಂದೊಂದಾಗಿ ನೇತುಹಾಕುತ್ತ ಬಂದಳು. ಬ್ರೂನೊನ ಕಿತ್ತಳೆ ಬಣ್ಣದ್ದು, ಅಧ್ಯಕ್ಷ ಲೈಲ್‌ನ ದಪ್ಪ ಹಿಡಿಯ ದೊಡ್ಡದು, ಟೌನೊ ತಾತನ ತಗಡಿನದು. ಕೊನೆಗೆ ಒಂದು ಕೊಕ್ಕೆ ಖಾಲಿ ಉಳಿಯಿತು. ಅದು ಕೊರಿನ್‌ಳದು. ಅವಳ ಲೋಟವನ್ನು ಯಾರೋ ಕೆಳಗಿನ ಕಪಾಟಿನೊಳಗೆ, ಬಂದು ಹೋಗುವವರ ಲೋಟಗಳ ಜೊತೆ ತಳ್ಳಿದ್ದರು.

ಕೊರಿನ್ ಅದನ್ನು ನೋಡಿದಳು. ನೋಡದವಳಂತೆ ನಲ್ಲಿ ತಿರುಗಿಸಿ ನೀರು ನಿಲ್ಲಿಸಿದಳು.

ಹೋದ ಭಾನುವಾರ ಟೌನೊ ತಾತನ ಕಂಪ್ಯೂಟರಿನ ಡಿಸ್ಕುಗಳು ಸುಟ್ಟುಹೋದವು. ಆ ಯಂತ್ರಕ್ಕೆ ಕರೆಂಟು ಹಂಚುವ ಪೆಟ್ಟಿಗೆಯನ್ನು, ಅಂದರೆ ಪವರ್ ಸಪ್ಲೈಯನ್ನು, ಆರಿಸಿದವಳು ಕೊರಿನ್. ಅಂದಿನಿಂದ ಈ ಭವನದಲ್ಲಿ ಅವಳ ಪಾಲಿಗೆ ಉಳಿದದ್ದು ಲೋಟ ತೊಳೆಯುವ ಕೆಲಸವೊಂದೇ. ಇವತ್ತು ಸಂಜೆ ಕೂಟದ ಸಭೆ. ಅವಳು ಕಂಪ್ಯೂಟರ್ ಕಟ್ಟುತ್ತಿದ್ದ ಕಿಟಕಿಯ ಪಕ್ಕದ ಮೇಜನ್ನು ಬೇರೆಯವರಿಗೆ ಕೊಡುವುದೆಂದು ಅಲ್ಲಿ ತೀರ್ಮಾನವಾಗುವುದಿತ್ತು.

“ಅಕ್ಕಾ, ನೀವು ಸುಮ್ಮನೆ ಕಷ್ಟಪಡ್ತಿದ್ದೀರಿ,” ಅಂದಳು ಕೊರಿನ್, ಕೈ ಒರೆಸಿಕೊಳ್ಳುತ್ತ. “ನಾನು ವಿನ್ನಿಪೆಗ್‌ಗೆ ಹೋಗ್ತೀನಿ. ಅಲ್ಲಿ ಚಿಕ್ಕಮ್ಮನ ಮೋಟೆಲ್ ಇದೆ. ಹಾಸಿಗೆ ಮಡಚೋಳು ಯಾವ ಡಿಸ್ಕನ್ನೂ ಸುಡಲ್ಲ.”

“ಹಾಸಿಗೆ ಎಲ್ಲೂ ಓಡಿಹೋಗಲ್ಲ. ಮೊದಲು ಹೇಳು, ಆ ಪೆಟ್ಟಿಗೆನ ಹೇಗೆ ಆರಿಸಿದೆ?”

“ಎಷ್ಟು ಸಲ ಹೇಳ್ಲಿ?”

“ನನ್ನ ತಲೆಗೆ ಹೋಗೋವರೆಗೂ. ನನಗೆ ಗೊತ್ತಿರೋದು ಕಳ್ಳರು ಮತ್ತೆ ಸೌನಾ ಒಲೆ. ಎರಡರಲ್ಲಿ ಯಾವುದಾದ್ರೂ ಒಂದರ ಭಾಷೇಲಿ ಹೇಳು.”

ಕೊರಿನ್‌ಳ ತುಟಿಯ ಒಂದು ಮೂಲೆ ಮೇಲಕ್ಕೆ ಹೋಯಿತು. ಈ ವಾರದಲ್ಲಿ ಹಿಲ್ಕಾ ಕಂಡ ಮೊದಲ ನಗು ಅದು.

ಹಿಲ್ಕಾ ಥಂಡರ್ ಬೇ ಊರಿನ ಪೊಲೀಸ್ ಕೆಲಸದಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವಳು. ಈಗ ನಿವೃತ್ತಿಯಾಗಿ ಮನೆಯ ಹಿಂದೆ ಸೌನಾ, ಅಂದರೆ ಬಿಸಿಗಲ್ಲಿನ ಹಬೆಸ್ನಾನದ ಕೋಣೆ, ಕಾಯಿಸಿಕೊಂಡು ಹಾಯಾಗಿದ್ದಳು. ಟೌನೊ ತಾತ ಬಂದು, ‘ಆ ಹುಡುಗಿ ತಪ್ಪು ಮಾಡಿದ್ರೆ ಮಾಡಿದ್ದಾಳೆ ಅಂತ ಹೇಳು, ಮಾಡಿಲ್ಲ ಅಂದ್ರೆ ಮಾಡಿಲ್ಲ ಅಂತ ಹೇಳು, ನಂಗೆ ನಿದ್ದೆ ಬರ್ತಿಲ್ಲ’ ಅಂದದ್ದಕ್ಕೆ ಒಪ್ಪಿಕೊಂಡಿದ್ದಳು.

“ಸೌನಾ ಒಲೆ ತರೋವಾಗ ಏನು ನೋಡ್ತೀರಿ?” ಕೊರಿನ್ ಕೇಳಿದಳು.

“ಕೋಣೆ ನೋಡ್ತೀನಿ. ಚಿಕ್ಕ ಒಲೆ ತಂದ್ರೆ ಸದಾ ಕೆಂಪಗಾಗೋವರೆಗೂ ಉರಿಸ್ಬೇಕು, ಬೇಗ ಬಿರುಕು ಬಿಡುತ್ತೆ. ತೀರಾ ದೊಡ್ಡದು ತಂದ್ರೆ ಗಾಳಿ ಸುಡುತ್ತೆ, ಕಲ್ಲು ಮಾತ್ರ ತಣ್ಣಗೇ ಇರುತ್ತೆ.”

“ಇದೂ ಅದೇ. ತಾತನ ಯಂತ್ರ ಓವರ್‌ಕ್ಲಾಕ್ ಮಾಡಿದ್ದು. ಅಂದ್ರೆ ಮಾಡಿದವರು ಇಷ್ಟು ಓಡು ಅಂತ ಹೇಳಿ ಕಳಿಸಿದ್ದಕ್ಕಿಂತ ಜೋರಾಗಿ ಓಡುತ್ತೆ. ಓಡಿಸಿದಷ್ಟೂ ಕರೆಂಟು ಕುಡಿಯುತ್ತೆ. ಪ್ರೊಸೆಸರು, ಚಿತ್ರದ ಕಾರ್ಡು ಎರಡೂ ಒಟ್ಟಿಗೆ ಮೈಮುರಿದು ದುಡಿದ್ರೆ ಆರುನೂರು ವಾಟ್. ಕಾರ್ಡು ಒಂದೊಂದ್ಸಲ ಕಣ್ಣು ಮಿಟುಕಿಸೋದರೊಳಗೆ ಇನ್ನೂ ಜಾಸ್ತಿ ಎಳ್ಕೊಳುತ್ತೆ. ಅದನ್ನೂ ತಡ್ಕೊಂಡು, ಉಸಿರಾಡೋಕೆ ಸ್ವಲ್ಪ ಜಾಗಾನೂ ಇರ್ಲಿ ಅಂತ ಎಂಟುನೂರ ಐವತ್ತು.”

“ಲೈಲ್ ಸಾವಿರದ ಇನ್ನೂರು ಹಾಕ್ಬೇಕಿತ್ತು ಅಂತಾನಲ್ಲ?”

“ಲೈಲ್ ಹೊರಗೆ ಅಂಟಿಸಿದ ಚೀಟಿ ಓದ್ತಾನೆ. ಚೀಟೀಲಿ ಏನು ಬೇಕಾದ್ರೂ ಅಚ್ಚು ಹಾಕ್ಬಹುದು. ಹನ್ನೆರಡು ವೋಲ್ಟಿನ ದಾರೀಲಿ ನಿಜವಾಗಿ ಎಷ್ಟು ಕೊಡುತ್ತೆ, ಬಿಸಿಯಾದ ಮೇಲೂ ಅಷ್ಟೇ ಕೊಡುತ್ತಾ, ಎಲ್ಲಾದ್ರೂ ಎಡವಟ್ಟಾದ್ರೆ ತಾನಾಗೇ ಆರಿಹೋಗುತ್ತಾ, ಅದನ್ನ ನೋಡ್ಬೇಕು. ಅವನ ಯಂತ್ರದಲ್ಲಿರೋದು ಸಾವಿರದ ಇನ್ನೂರು ಅಂತ ಬರ್ಕೊಂಡಿರೋ ಹೆಸರಿಲ್ಲದ ಡಬ್ಬಿ. ಆನ್ ಮಾಡಿದ್ರೆ ಭವನದೊಳಗೆ ವಿಮಾನ ಇಳಿದ ಹಾಗೆ ಇರುತ್ತೆ.”

“ಅದು ನಂಗೂ ಗೊತ್ತು. ಹೋದ ತಿಂಗಳು ಅದು ಕೂಗಿದ ಕೂಗಿಗೆ ನನ್ನ ಕೈಯಿಂದ ಕಾಫಿ ಚೆಲ್ಲಿತ್ತು.”

“ತಾತ ಹಳೇ ಧಾನ್ಯದ ಉಗ್ರಾಣಗಳ ಫಿಲ್ಮಿಗೆ ದನಿ ಕೂಡಿಸ್ತಿದ್ರಲ್ಲ? ಯಂತ್ರ ಗೊರಕೆ ಹೊಡೀಬಾರ್ದು ಅಂದಿದ್ರು. ನಾನು ಆರಿಸಿದ್ದು ಅರ್ಧ ದುಡಿಮೆಯವರೆಗೂ ಫ್ಯಾನೇ ತಿರುಗಿಸಲ್ಲ. ಅಂಥ ಮೌನ.” ಕೊರಿನ್‌ಳ ದನಿ ತಗ್ಗಿತು. “ಇನ್ನೊಂದು ಅಕ್ಕಾ. ಪೆಟ್ಟಿಗೆ ಸಾಲದೆ ಹೋಗಿದ್ರೆ ಯಂತ್ರ ಫಕ್ಕನೆ ಆರಬೇಕಿತ್ತು. ಹಸಿದವನು ತಲೆ ತಿರುಗಿ ಬೀಳ್ತಾನೆ. ಪಕ್ಕದವನ ಕಣ್ಣು ಕೀಳಲ್ಲ. ತಾತನ ಯಂತ್ರ ಈಗಲೂ ಓಡುತ್ತೆ. ಡಿಸ್ಕು ಮಾತ್ರ ಸತ್ತವು.”

ಹಿಲ್ಕಾ ಒರೆಸುವ ಬಟ್ಟೆಯನ್ನು ಮಡಚಿ ಒಲೆಯ ಹಿಡಿಗೆ ನೇತುಹಾಕಿದಳು.

“ಫ್ಯಾನ್ ತಿರುಗಲ್ಲ ಅಂದೆಯಲ್ಲ. ಎಷ್ಟು ಹೊತ್ತು?”

“ಆನ್ ಮಾಡಿ ಸುಮ್ಮನೆ ಬಿಟ್ರೆ ದಿನವಿಡೀ ತಿರುಗಲ್ಲ.”

“ನಿನ್ನೆ ಡಿಸ್ಕುಗಳನ್ನ ಬಿಚ್ಚಿ ನಿನಗೆ ತಂದುಕೊಟ್ಟ ಮೇಲೆ, ನಾನೊಬ್ಬಳೇ ಬಂದು ತಾತನ ಯಂತ್ರ ಆನ್ ಮಾಡಿದ್ದೆ. ಗುಂಡಿ ಒತ್ತಿದ್ದೇ ತಡ, ಪೆಟ್ಟಿಗೆಯ ಫ್ಯಾನ್ ತಿರುಗೋಕೆ ಶುರುವಾಯ್ತು.”

ಕೊರಿನ್ ಅವಳತ್ತ ತಿರುಗಿದಳು. ಹೋದ ಭಾನುವಾರದಿಂದ ಲೈಲ್ ಅವಳನ್ನು ಆ ಯಂತ್ರದ ಹತ್ತಿರ ಬಿಟ್ಟಿರಲಿಲ್ಲ. ‘ಮುಟ್ಟಿದ್ರೆ ಸಾಕ್ಷಿ ಕೆಡುತ್ತೆ’ ಎಂದು ಎಲ್ಲರೆದುರು ಕೂಗಿದ್ದ.

“ತಿರುಗಿತಾ?”

“ಗಾಣದ ಎತ್ತಿನ ಹಾಗೆ.”

“ಹಾಗಾದ್ರೆ ಅದು ನಾನು ಆರಿಸಿದ ಪೆಟ್ಟಿಗೆ ಅಲ್ಲ!”

“ಹೊರಗೆ ನೀನು ಹೇಳಿದ ಕಂಪನಿ ಹೆಸರೇ ಇದೆ. ಎಂಟುನೂರ ಐವತ್ತು ಅಂತಲೂ ಇದೆ.”

“ಅದೇ ಕಂಪನಿಯ ಹಳೇ ಮಾದರಿ ಇರಬೇಕು. ಹೊರಗಿಂದ ನೋಡಿದ್ರೆ ಅವಳಿ ಮಕ್ಕಳು. ಹಳೇದರಲ್ಲಿ ಫ್ಯಾನ್ ಸದಾ ತಿರುಗುತ್ತೆ.” ಒಮ್ಮೆಲೇ ಅವಳು ಕೈಯನ್ನು ಬಾಯಿಗೆ ಒತ್ತಿಕೊಂಡಳು. “ಅಯ್ಯೋ. ತಂತಿ! ತಂತಿಗಳು ಯಾವುವಿದ್ದವು ಅಕ್ಕಾ?”

“ನಿನ್ನವೇ. ನೀಲಿ ಬಿಳಿ ದಾರ ನೇಯ್ದಿರೋವು.”

ಕೊರಿನ್ ಪ್ರತಿ ಯಂತ್ರಕ್ಕೂ ತಂತಿಗಳ ಮೇಲೆ ಬಣ್ಣದ ನೈಲಾನ್ ದಾರದ ಕವಚವನ್ನು ತಾನೇ ಹೊಂದಿಸುತ್ತಿದ್ದಳು. ಜಡೆ ಹೆಣೆದ ಹಾಗೆ, ಒಂದೆಳೆ ಮೇಲೆ ಕೆಳಗೆ ಆಗದಂತೆ. ಪಕ್ಕದ ಗಾಜಿನಿಂದ ನೋಡಿದವರಿಗೆ, ಇದು ಕೊರಿನ್ ಕಟ್ಟಿದ ಯಂತ್ರ ಎಂದು ಹೇಳದೆಯೇ ತಿಳಿಯುತ್ತಿತ್ತು.

“ಡಿಸ್ಕಿನ ಕಡೆಯ ತುದಿ ಲೋಕಕ್ಕೆಲ್ಲ ಒಂದೇ,” ಅವಳು ಈಗ ಬಡಬಡ ಮಾತಾಡುತ್ತಿದ್ದಳು. “ಪೆಟ್ಟಿಗೆ ಕಡೆಯ ತುದಿ ಹಾಗಲ್ಲ. ಯಾವ ತೂತಿಂದ ಯಾವ ವೋಲ್ಟ್ ಅನ್ನೋದು ಮಾದರಿಗೊಂದು. ಆಕಾರ ಒಂದೇ ಆದ್ರಿಂದ ಟಕ್ ಅಂತ ಕೂತ್ಕೊಳುತ್ತೆ. ಹಳೇದಕ್ಕೂ ಹೊಸದಕ್ಕೂ ದೊಡ್ಡ ತಂತಿಗಳೆಲ್ಲ ಹೊಂದುತ್ವೆ, ಡಿಸ್ಕಿನದು ಮಾತ್ರ ಹೊಂದಲ್ಲ. ಐದು ಹೋಗೋ ಕಡೆ ಹನ್ನೆರಡು ನುಗ್ಗುತ್ತೆ. ಪೆಟ್ಟಿಗೆ ಬದಲಾಯಿಸಿದವನು ನನ್ನ ತಂತಿ ತೆಗೆದಿದ್ರೆ ಎಲ್ಲರಿಗೂ ಕಾಣ್ತಿತ್ತು. ಅದಕ್ಕೇ ಹಾಗೇ ಬಿಟ್ಟಿದ್ದಾನೆ.”

“ಅಂದ್ರೆ ಗುಟ್ಟು ಮುಚ್ಚೋಕೆ ಹೋಗಿ ಮನೆಗೇ ಬೆಂಕಿ ಇಟ್ಟ.”

“ಗೊತ್ತಿಲ್ದೆ ಇಟ್ಟ. ನಮ್ಮಲ್ಲಿ ಅರ್ಧ ಜನಕ್ಕೆ ಇದು ಗೊತ್ತಿಲ್ಲ. ಪ್ಲಗ್ಗು ಕೂತ್ರೆ ಸರಿಹೋಯ್ತು ಅನ್ಕೊಳ್ತಾರೆ.”

ಹಿಲ್ಕಾ ಕೋಟಿನ ಜೇಬು ಮುಟ್ಟಿಕೊಂಡಳು. ಅದರೊಳಗೆ ಉಣ್ಣೆಯ ಕಾಲುಚೀಲದಲ್ಲಿ ಸುತ್ತಿದ ಒಂದು ಡಿಸ್ಕು ಇತ್ತು. ಕೊರಿನ್ ಅದರ ಬೆನ್ನಿನ ಹಲಗೆಯಿಂದ ಅಕ್ಕಿಕಾಳಿನಷ್ಟು ಚಿಕ್ಕದೊಂದು ಸುಟ್ಟ ಬಿಡಿಭಾಗವನ್ನು ಬೆಸುಗೆ ಕಡ್ಡಿಯಿಂದ ಎತ್ತಿ ತೆಗೆದಿದ್ದಳು. ಹೆಚ್ಚಿನ ಕರೆಂಟು ನುಗ್ಗಿದಾಗ ತಾನು ಸತ್ತು ಡಿಸ್ಕನ್ನು ಉಳಿಸುವ ಕಾವಲುಗಾರ ಅದು. ಆಮೇಲೆ ಡಿಸ್ಕು ಗುಯ್ ಎಂದು ತಿರುಗಿತ್ತು. ಪರದೆಯ ಮೇಲೆ ಹಿಮ ಹೊದ್ದ ಉಗ್ರಾಣಗಳು, ಟೊಪ್ಪಿಗೆ ಹಾಕಿದ ಆಳುಗಳು, ಹೆಪ್ಪುಗಟ್ಟಿದ ಸರೋವರ. ಇಬ್ಬರೂ ಹೆಂಗಸರು ಬಾಯಿ ಬಿಟ್ಟುಕೊಂಡು ನೋಡಿದ್ದರು.

“ಇದಕ್ಕೆ ಈಗ ಕಾವಲುಗಾರ ಇಲ್ಲ ಅಂದೆಯಲ್ಲ?”

“ಇಲ್ಲ. ಇನ್ನೊಂದ್ಸಲ ಹಾಗಾದ್ರೆ ದೇವರೂ ಉಳಿಸಲ್ಲ.”

“ಸರಿ,” ಅಂದಳು ಹಿಲ್ಕಾ. “ಕಾಫಿಗೆ ನೀರಿಡು. ನೆಂಟರು ಬರ್ತಾರೆ.”

*

ಭವನದ ದೊಡ್ಡ ಕೋಣೆಯಲ್ಲಿ ಗೋಡೆಯುದ್ದಕ್ಕೂ ಮೇಜುಗಳು, ಮೇಜುಗಳ ಮೇಲೆ ಯಂತ್ರಗಳು. ಚಳಿಗಾಲದ ಶನಿವಾರಗಳಲ್ಲಿ ಇವರ ಆಟವೇ ಬೇರೆ. ಹಿಂಬಾಗಿಲು ಹಾರುಹೊಡೆದು, ಮೂಗು ಉದುರುವಂಥ ಚಳಿಗೆ ಯಂತ್ರಗಳನ್ನು ಒಡ್ಡಿ, ಯಾರದು ಎಷ್ಟು ಜೋರಾಗಿ ಓಡುತ್ತದೆಂದು ಪಂದ್ಯ ಕಟ್ಟುತ್ತಿದ್ದರು. ಪಂದ್ಯ ಮುಗಿದ ಯಂತ್ರವನ್ನು ಒಳಗೆ ತಂದು ಕಂಬಳಿ ಹೊದಿಸುತ್ತಿದ್ದರು. ಚಳಿಯಿಂದ ಬಂದದ್ದು ಬೆಚ್ಚನೆಯ ಕೋಣೆಯಲ್ಲಿ ಬೆವರುತ್ತದೆ, ಆ ಬೆವರು ಆರುವ ಮುಂಚೆ ಆನ್ ಮಾಡಬಾರದು.

ಬ್ರೂನೊನ ಯಂತ್ರ ಇನ್ನೂ ಕಂಬಳಿಯ ಕೆಳಗೇ ಇತ್ತು. ಹೋದ ಶನಿವಾರ ಅದೇ ಗೆದ್ದದ್ದು. ಭವನದ ಹಳೆಯ ದಾಖಲೆಯನ್ನು ಮುರಿದು ಗೆದ್ದಿತ್ತು.

ಎಡಮೂಲೆಯಲ್ಲಿ ಲೈಲ್‌ನ ಯಂತ್ರ. ಕೂಟದ ಅಧ್ಯಕ್ಷನದು, ಎಲ್ಲಕ್ಕಿಂತ ಎತ್ತರದ್ದು. ಕೆಂಪು ದೀಪಗಳು ಮೇಲಿಂದ ಕೆಳಕ್ಕೆ ಹರಿಯುತ್ತಿದ್ದವು. ಹಿಲ್ಕಾಗೆ ಆ ಮೂಲೆಯಲ್ಲಿ ಏನೋ ಕಡಿಮೆಯಾಗಿದೆ ಎನಿಸಿತು. ಏನೆಂದು ಹೊಳೆಯಲಿಲ್ಲ. ಅಷ್ಟರಲ್ಲಿ ಬಾಗಿಲು ತೆರೆಯಿತು.

ಮೊದಲು ಬಂದದ್ದು ಬ್ರೂನೊ. ಬೇಕರಿಯ ಕೆಲಸ, ಸದಾ ಮೈಯೆಲ್ಲ ಸಕ್ಕರೆಯ ವಾಸನೆ. ಕೈಯಲ್ಲಿ ಗುಲಾಬಿ ಸಕ್ಕರೆಪಾಕ ಮೆತ್ತಿದ ಪರ್ಷಿಯನ್ ಬನ್ನುಗಳ ಡಬ್ಬಿ. ಕೊರಿನ್ ಜೊತೆ ಈಗಲೂ ಮಾತಾಡುತ್ತಿದ್ದವನು ಅವನೊಬ್ಬನೇ.

“ತಗೊಳ್ಳೇ,” ಎಂದು ಒಂದು ಬನ್ನನ್ನು ಅವಳ ಮುಂದೆ ಹಿಡಿದ. “ಹೀಗೇ ಉಪವಾಸ ಬಿದ್ರೆ ನಿನ್ನನ್ನೂ ತಂತಿ ಅನ್ಕೊಂಡು ಯಾರಾದ್ರೂ ಪ್ಲಗ್ಗಿಗೆ ಹಾಕ್ತಾರೆ.”

“ನಿನಗೆ ಮಾತ್ರ ಯಾರೂ ಹಾಗೆ ಅನ್ಕೊಳಲ್ಲ,” ಅಂದಳು ಕೊರಿನ್, ಅವನ ಹೊಟ್ಟೆ ನೋಡುತ್ತ.

ಅವನ ಹಿಂದೆ ಟೌನೊ ತಾತ ಬೂಟಿನ ಹಿಮ ಕೊಡವುತ್ತ ಬಂದರು. ಹರೆಯದಲ್ಲಿ ಹಿಮದ ಮೇಲೆ ಓಡುವ ಮೋಟಾರು ಬಂಡಿಗಳ ಪಂದ್ಯದಲ್ಲಿ ಹಲ್ಲು ಮುರಿಸಿಕೊಂಡವರು. ಈ ವಯಸ್ಸಿಗೆ ಓವರ್‌ಕ್ಲಾಕ್ ಯಾಕೆ ಎಂದು ಕೇಳಿದರೆ, ‘ಓಡೋ ಕುದುರೆನ ಕಟ್ಟಿಹಾಕಿ ಹುಲ್ಲು ಹಾಕೋದು ಪಾಪ’ ಎನ್ನುತ್ತಿದ್ದರು.

ಕೊನೆಯಲ್ಲಿ ಲೈಲ್. ಕೈಗವಸು ತೆಗೆಯುವ ಮುಂಚೆಯೇ ಅವನ ಬಾಯಿ ಶುರುವಾಯಿತು.

“ಏನು ಹಿಲ್ಕಾ ಮೇಡಂ, ಕೈಕೋಳ ತಂದಿದ್ದೀರಾ? ಇಲ್ಲಿ ಕಳ್ಳತನ ಏನೂ ಆಗಿಲ್ಲ. ಆಗಿರೋದು ಜಿಪುಣತನ. ಸಾವಿರದ ಇನ್ನೂರು ಹಾಕೇ ಅಂತ ಬಡ್ಕೊಂಡೆ. ಕೇಳಲಿಲ್ಲ.”

“ಕೂತ್ಕೋ ಲೈಲ್. ಬನ್ನು ತಿನ್ನು. ಬಾಯಿಗೆ ಕೆಲಸ ಸಿಗುತ್ತೆ,” ಅಂದರು ತಾತ.

ಹಿಲ್ಕಾ ತಾತನ ಕಡೆ ತಿರುಗಿದಳು. “ತಾತ, ಭಾನುವಾರ ಅಷ್ಟು ಬೆಳಿಗ್ಗೆ ಯಾಕೆ ಬಂದ್ರಿ? ನೀವು ಮಧ್ಯಾಹ್ನದವರು ತಾನೆ?”

“ಲೈಲ್ ಫೋನ್ ಮಾಡಿದ್ದನಲ್ಲ. ದೊಡ್ಡ ಪರದೆ ಖಾಲಿ ಇದೆ, ಬೇಗ ಬಂದು ಫಿಲ್ಮ್ ಹಾಕಿ ನೋಡ್ಕೊಳ್ಳಿ ಅಂತ. ಪಾಪ, ಒಳ್ಳೇದಕ್ಕೇ ಹೇಳಿದ್ದ.”

“ಉಪಕಾರ ಮಾಡಿದ್ದೂ ತಪ್ಪಾಯ್ತು,” ಲೈಲ್ ಗೊಣಗಿದ.

ಹಿಲ್ಕಾ ತಾತನ ಯಂತ್ರವನ್ನು ನಡುಮೇಜಿಗೆ ಎಳೆದು ಪಕ್ಕದ ಹಲಗೆ ತೆಗೆದಿಟ್ಟಳು. ಒಳಗೆ ಕೊರಿನ್‌ಳ ನೀಲಿ ಬಿಳಿ ಜಡೆಗಳು ಒಂದೆಳೆಯೂ ಕದಲದೆ ಮಲಗಿದ್ದವು. ಅವಳು ಕೋಟಿನ ಒಂದು ಜೇಬಿನಿಂದ ಡಿಸ್ಕು ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

“ಕೊರಿನ್ ಒಂದನ್ನ ಬದುಕಿಸಿದ್ದಾಳೆ.”

ತಾತ ಎದ್ದು ನಿಂತರು. ಕುರ್ಚಿ ಹಿಂದಕ್ಕೆ ಬಿತ್ತು. ಎತ್ತುವುದು ಯಾರಿಗೂ ತೋಚಲಿಲ್ಲ.

“ಫಿಲ್ಮ್ ಇದೆಯಾ?”

“ಇದೆ ತಾತ,” ಅಂದಳು ಕೊರಿನ್. “ನಾನು ನೋಡಿದೆ. ನಿಮ್ಮ ತಮ್ಮ ಏಣಿ ಮೇಲಿಂದ ಟೊಪ್ಪಿಗೆ ಬೀಸ್ತಾರಲ್ಲ, ಅದೂ ಇದೆ.”

ತಾತನ ಗಲ್ಲ ನಡುಗಿತು.

“ಆದ್ರೆ ಇದು ಈಗ ಬಾಣಂತಿ ಇದ್ದ ಹಾಗೆ,” ಹಿಲ್ಕಾ ಮುಂದುವರಿಸಿದಳು. “ಕಾಪಾಡೋ ಭಾಗ ಸುಟ್ಟು ಹೋಗಿದೆ. ಇನ್ನೊಂದು ಪೆಟ್ಟು ಬಿದ್ರೆ ಉಳಿಯಲ್ಲ. ಆದ್ರೂ ಕೊರಿನ್ ಆರಿಸಿದ ಪೆಟ್ಟಿಗೆ ತಪ್ಪಲ್ಲ ಅನ್ನೋದಾದ್ರೆ ಭಯ ಯಾಕೆ? ಇದೇ ಪೆಟ್ಟಿಗೆ, ಇದೇ ತಂತಿ, ಇದೇ ಡಿಸ್ಕು. ತಾತನಿಗೆ ತಮ್ಮನ್ನ ತೋರಿಸೋಣ.”

ಕೊರಿನ್ ಕಣ್ಣರಳಿಸಿ ಅವಳನ್ನು ನೋಡಿದಳು. ಹಿಲ್ಕಾ ಅವಳತ್ತ ತಿರುಗಲಿಲ್ಲ.

“ತೋರಿಸಿ, ತೋರಿಸಿ,” ಅಂದ ಲೈಲ್. “ಎಲ್ಲರೆದುರಿಗೇ ಆಗ್ಲಿ.” ಹೇಳುತ್ತ ಹೇಳುತ್ತ ಮೇಜಿನಿಂದ ಒಂದು ಹೆಜ್ಜೆ ಹಿಂದೆ ಸರಿದ.

ಹಿಲ್ಕಾ ಅದನ್ನು ಕಂಡಳು. ಕಂಡು ಮನಸ್ಸಿನಲ್ಲಿಟ್ಟುಕೊಂಡಳು.

ಕೊರಿನ್‌ಳ ತಂತಿಯ ತುದಿಯನ್ನು ಡಿಸ್ಕಿಗೆ ಒತ್ತಿದಳು. ಟಕ್ ಎಂದು ಕೂತಿತು. ಪೆಟ್ಟಿಗೆಯ ಹಿಂದಿನ ಸ್ವಿಚ್ಚಿನ ಮೇಲೆ ಬೆರಳಿಟ್ಟಳು. ಕಣ್ಣು ಮಾತ್ರ ಮೂವರು ಗಂಡಸರ ಮುಖಗಳ ಮೇಲೆ ಮೆಲ್ಲನೆ ಹರಿಯುತ್ತಿತ್ತು. ಪೆಟ್ಟಿಗೆಯ ಮೇಲೆ ಕೊರಿನ್ ಆರಿಸಿದ ಕಂಪನಿಯದೇ ಹೆಸರು. ಏನೂ ಅರಿಯದವನಿಗೆ ಇಲ್ಲಿ ಹೆದರುವಂಥದು ಏನೂ ಇರಲಿಲ್ಲ.

“ಒಂದು,” ಅಂದಳು. “ಎರಡು.”

“ಬೇಡ!”

ಬನ್ನಿನ ಡಬ್ಬಿ ನೆಲಕ್ಕೆ ಬಿತ್ತು. ಗುಲಾಬಿ ಸಕ್ಕರೆ ಹತ್ತಿದ ದಪ್ಪ ಕೈಯೊಂದು ಹಿಲ್ಕಾಳ ಕೈಯ ಮೇಲೆ ಅಪ್ಪಳಿಸಿತು. ಬ್ರೂನೊ ಏದುಸಿರು ಬಿಡುತ್ತಿದ್ದ.

“ಬೇಡ ಅಕ್ಕಾ. ಆ ತಂತಿ ಈ ಪೆಟ್ಟಿಗೇದಲ್ಲ.”

ಹಿಲ್ಕಾ ಸ್ವಿಚ್ಚಿನಿಂದ ಬೆರಳು ತೆಗೆಯಲಿಲ್ಲ.

“ಹೆಸರು ಅದೇ ಇದೆಯಲ್ಲ ಬ್ರೂನೊ,” ಹಿಲ್ಕಾ ತಣ್ಣಗೆ ಕೇಳಿದಳು. “ನಿನಗೆ ಹೇಗೆ ಗೊತ್ತು?”

ಬ್ರೂನೊ ಕೈ ಹಿಂದಕ್ಕೆ ತೆಗೆದುಕೊಂಡ. ಕುಂಬಳಕಾಯಿ ಕಳ್ಳ ಎಂದೊಡನೆ ಹೆಗಲು ಮುಟ್ಟಿಕೊಂಡವನ ಪಾಡು ಅವನದಾಗಿತ್ತು. ಮುಚ್ಚಿಡಲು ಏನೂ ಉಳಿದಿರಲಿಲ್ಲ.

“ಅದು ನಂದು,” ಅಂದ. “ನನ್ನ ಹಳೇ ಪೆಟ್ಟಿಗೆ.”

“ನೀನಾ?” ಕೊರಿನ್‌ಳ ದನಿ ಅಷ್ಟು ಸಣ್ಣದಾಗಿತ್ತು, ಕಿಟಕಿಯ ಆಚೆ ಹಿಮ ಬೀಳುವುದೂ ಅದಕ್ಕಿಂತ ಜೋರಾಗಿ ಕೇಳುವಂತಿತ್ತು. “ದಿನಾ ನಂಗೆ ಕಾಫಿ ತಂದುಕೊಡ್ತಿದ್ದೆ. ಧೈರ್ಯವಾಗಿರೇ ಅಂತಿದ್ದೆ.”

“ಒಂದೇ ದಿನಕ್ಕೆ ಅಂತ ತಗೊಂಡೆ ಕಣೇ. ಆಣೆಗೂ. ನನ್ನ ಪೆಟ್ಟಿಗೆಗೆ ವಯಸ್ಸಾಗಿದೆ. ಯಂತ್ರ ಸ್ವಲ್ಪ ಜೋರು ಹಿಡಿದ್ರೆ ಅರ್ಧ ದಾರೀಲಿ ಮೂರ್ಛೆ ಹೋಗ್ತಿತ್ತು. ತಾತನ ಯಂತ್ರ ಶನಿವಾರ ಸುಮ್ಮನೆ ಕೂತಿರುತ್ತೆ. ನೀನು ಆರಿಸಿದ್ದು ಎಷ್ಟು ಗಟ್ಟಿ ಅಂತ ನಂಗೆ ಗೊತ್ತಿತ್ತು. ಶುಕ್ರವಾರ ಬದಲಾಯಿಸಿದೆ. ಭಾನುವಾರ ಬೆಳಿಗ್ಗೆ ಯಾರೂ ಬರೋ ಮುಂಚೆ ವಾಪಸ್ ಹಾಕೋಣ ಅಂತ.” ಅವನು ಮುಖ ಒರೆಸಿಕೊಂಡ. ಕೆನ್ನೆಗೆಲ್ಲ ಸಕ್ಕರೆ ಮೆತ್ತಿತು. “ತಂತಿ ವಿಷಯ ನಂಗೆ ಗೊತ್ತಿರಲಿಲ್ಲ. ನನ್ನ ಯಂತ್ರದಲ್ಲಿ ತಂತಿ ಹಾಕೋ ಡಿಸ್ಕೇ ಇಲ್ಲ. ನಾನು ಬರೋ ಹೊತ್ತಿಗೆ ತಾತ ಆಗ್ಲೇ ಆನ್ ಮಾಡಿದ್ರು. ಸುಟ್ಟ ವಾಸನೆ. ಆಮೇಲೆ ಓದಿ ತಿಳ್ಕೊಂಡೆ.”

“ತಿಳ್ಕೊಂಡು ಬಾಯಿ ಮುಚ್ಕೊಂಡೆ,” ಅಂದರು ತಾತ.

“ಹೌದು ತಾತ.”

“ದಾಖಲೆ ಮುರಿದೆ ಅಂತ ನಿನಗೆ ನಾನೇ ಭುಜ ತಟ್ಟಿದ್ದೆ.”

ಬ್ರೂನೊ ತಲೆ ಎತ್ತಲಿಲ್ಲ.

ಹಿಲ್ಕಾ ಮೇಜಿನ ಮೇಲಿದ್ದ ಡಿಸ್ಕನ್ನು ಬಿಚ್ಚಿ ಪಕ್ಕಕ್ಕೆ ಎಸೆದಳು. ತಾತ ಬೆಚ್ಚಿದರು. “ಅದು ಖಾಲಿ ಡಿಸ್ಕು ತಾತ. ಗುಜರಿಯಲ್ಲಿ ಸಿಕ್ಕಿದ್ದು,” ಎಂದು ಇನ್ನೊಂದು ಜೇಬಿನಿಂದ ಉಣ್ಣೆಯ ಕಾಲುಚೀಲವನ್ನು ತೆಗೆದು ಅವರ ಅಂಗೈಯಲ್ಲಿಟ್ಟಳು. “ನಿಮ್ಮದು ಇದು. ಬೆಚ್ಚಗಿದೆ.”

ತಾತ ಕಾಲುಚೀಲವನ್ನು ಹಕ್ಕಿಮರಿಯಂತೆ ಎರಡೂ ಕೈಯಲ್ಲಿ ಹಿಡಿದು ನಿಂತರು. ಆಮೇಲೆ ಅದನ್ನು ಎದೆಯ ಜೇಬಿಗೆ ಇಳಿಸಿ, ಅಡುಗೆಮನೆಗೆ ಹೋದರು. ಕಪಾಟಿನ ಬಾಗಿಲು ಕಿರುಗುಟ್ಟಿತು. ಕೊರಿನ್‌ಳ ಲೋಟದ ತುಂಬ ಕಾಫಿ ತಂದು ಅವಳ ಮುಂದಿಟ್ಟರು.

“ಕುಡಿ ಮಗಳೇ. ಆಮೇಲೆ ಅದರ ಜಾಗದಲ್ಲಿ ನೇತುಹಾಕು.”

ಕೊರಿನ್ ಲೋಟವನ್ನು ಎರಡೂ ಕೈಯಿಂದ ಸುತ್ತಿ ಹಿಡಿದಳು. ಅವಳ ಕಣ್ಣು ತುಂಬಿತ್ತು. ಮುಖ ಮಾತ್ರ ಬೆಳಗಾದ ಸರೋವರದಂತೆ ತಿಳಿಯಾಗಿತ್ತು.

“ಮುಗೀತಲ್ಲ?” ಅಂದ ಲೈಲ್, ಕೈಗವಸು ಎತ್ತಿಕೊಳ್ಳುತ್ತ. “ಕಳ್ಳ ಸಿಕ್ಕ. ಹುಡುಗಿಯ ಮೇಜು ಹುಡುಗಿಗೇ ಇರ್ಲಿ. ನಾನೇನು ಬೇಡ ಅಂದ್ನಾ? ಬ್ರೂನೊನ ಬಗ್ಗೆ ಸಂಜೆ ಸಭೇಲಿ ನೋಡೋಣ.”

“ಮುಗಿದಿಲ್ಲ,” ಅಂದಳು ಹಿಲ್ಕಾ. “ಬ್ರೂನೊ, ಕೊರಿನ್ ಪೆಟ್ಟಿಗೆ ಎಲ್ಲಿ?”

ಬ್ರೂನೊ ತುಟಿ ಕಚ್ಚಿದ.

“ಅದನ್ನೇ ಹೇಳೋಕಾಗ್ತಿಲ್ಲ ಅಕ್ಕಾ. ಹೇಳಿದ್ರೆ ನೀವು ನಂಬಲ್ಲ.”

“ನಂಬೋದು ಬಿಡೋದು ನನಗಿರ್ಲಿ. ನೀನು ಹೇಳು.”

“ಭಾನುವಾರ ಬೆಳಿಗ್ಗೆ, ಎಲ್ಲರೂ ತಾತನ ಯಂತ್ರದ ಸುತ್ತ ನಿಂತಿದ್ರಲ್ಲ, ಆಗ ನಾನು ಕಂಬಳಿ ಎತ್ತಿ ನನ್ನ ಯಂತ್ರದ ಹಲಗೆ ಸರಿಸಿದೆ. ಪೆಟ್ಟಿಗೆ ತೆಗೆದು ಎಲ್ಲರ ಮುಂದೆ ಇಟ್ಟು ಕಾಲಿಗೆ ಬೀಳೋಣ ಅಂತಾನೇ ಇದ್ದೆ.” ಅವನು ಕಂಬಳಿ ಹೊದ್ದ ತನ್ನ ಯಂತ್ರದತ್ತ ನೋಡಿದ. “ಕೊರಿನ್ ಪೆಟ್ಟಿಗೆ ಅಲ್ಲಿರಲಿಲ್ಲ. ಬೇರೆ ಯಾವುದೋ ಇತ್ತು. ಚೀಟಿ ಕಿತ್ತಿದ್ದ ಪೆಟ್ಟಿಗೆ. ಶನಿವಾರ ಪಂದ್ಯ ಮುಗಿದು ನಾನು ಮನೆಗೆ ಹೋದ ಮೇಲೆ ಯಾರೋ ತೆಗೆದಿದ್ದಾರೆ. ನಾನು ಕದ್ದದ್ದನ್ನ ಇನ್ಯಾರೋ ಕದ್ರು ಅಂತ ಯಾರ ಹತ್ರ ದೂರು ಕೊಡ್ಲಿ? ಮುಚ್ಚಿಬಿಟ್ಟೆ. ಆವತ್ತಿಂದ ಆನ್ ಕೂಡ ಮಾಡಿಲ್ಲ.”

ಅಂದರೆ ಬ್ರೂನೊನ ಯಂತ್ರದೊಳಗೆ ಕೊರಿನ್ ಆರಿಸಿದ ಪೆಟ್ಟಿಗೆ ಇದೆಯೆಂದು ಶನಿವಾರವೇ ಇನ್ನೊಬ್ಬನಿಗೆ ತಿಳಿದಿತ್ತು. ತಾತನ ಯಂತ್ರದಲ್ಲಿ ಇರಬೇಕಾದದ್ದು ಇಲ್ಲ ಎಂದೂ ತಿಳಿದಿತ್ತು. ತಿಳಿದೂ ಅವನು ವಾರವೆಲ್ಲ ಕೊರಿನ್‌ಳನ್ನು ನೋಡುತ್ತ ಸುಮ್ಮನಿದ್ದ.

ಹಿಲ್ಕಾ ಗೋಡೆಯ ಹತ್ತಿರ ಹೋದಳು. ಕಂಬಳಿಯನ್ನು ಒಂದೇ ಎಳೆತಕ್ಕೆ ಎಳೆದು ಕೆಳಕ್ಕೆ ಬಿಟ್ಟಳು.

“ಕೊರಿನ್, ಇದನ್ನ ಆನ್ ಮಾಡಿದ್ರೆ ಏನಾದ್ರೂ ಸುಡುತ್ತಾ?”

ಕೊರಿನ್ ಬಂದು ಹಲಗೆ ಸರಿಸಿ, ಬಗ್ಗಿ, ಒಳಗೆಲ್ಲ ಬೆರಳಾಡಿಸಿ ನೋಡಿದಳು. “ಇಲ್ಲ. ತಂತಿಗಳೂ ಪೆಟ್ಟಿಗೇವೇ. ಹಾಕಿದವನು ಬ್ರೂನೊಗಿಂತ ಬುದ್ಧಿವಂತ.”

“ಆನ್ ಮಾಡು.”

“ಇದೆಲ್ಲ ಯಾಕೀಗ?” ಅಂದ ಲೈಲ್.

ಕೊರಿನ್ ಗುಂಡಿ ಒತ್ತಿದಳು.

ಒಂದು ಕ್ಷಣ ಏನೂ ಇಲ್ಲ. ಆಮೇಲೆ ಸಣ್ಣಗೆ ಶುರುವಾಯಿತು. ಏರಿತು. ಮತ್ತೂ ಏರಿತು. ಕಿಟಕಿಯ ಗಾಜು ಗುಂಯ್‌ಗುಟ್ಟುವಂತೆ, ಮೇಜಿನ ಮೇಲಿನ ಕಾಫಿ ನಡುಗುವಂತೆ, ಭವನದೊಳಗೆ ವಿಮಾನ ಇಳಿದಂತೆ ಆ ಪೆಟ್ಟಿಗೆಯ ಫ್ಯಾನ್ ಊಳಿಟ್ಟಿತು.

ಆ ಕೂಗು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಚಳಿಗಾಲವೆಲ್ಲ ಅದನ್ನು ಕೇಳಿ ಬೈದವರೇ ಅವರು. ಇಂದು ಅದು ಬರುತ್ತಿದ್ದದ್ದು ಬೇರೆ ಯಂತ್ರದೊಳಗಿನಿಂದ.

ತಾತನ ಬಾಯಿ ಮೆಲ್ಲನೆ ತೆರೆದುಕೊಂಡಿತು. ಬ್ರೂನೊ ತಲೆ ಎತ್ತಿದ. ಕೊರಿನ್ ಕೈಚಾಚಿ ಸ್ವಿಚ್ಚು ಆರಿಸಿದಳು.

ಕೂಗು ಇಳಿದು ಇಳಿದು ನಿಂತಿತು. ಹಾಗೆ ನಿಂತ ಮೇಲೆಯೇ ಹಿಲ್ಕಾಗೆ ಹೊಳೆದದ್ದು, ಬಂದಾಗಿನಿಂದ ಆ ಎಡಮೂಲೆಯಲ್ಲಿ ಕಡಿಮೆಯಾಗಿದ್ದದ್ದು ಏನೆಂದು. ಅಲ್ಲಿ ಎತ್ತರದ ಯಂತ್ರದ ಕೆಂಪು ದೀಪಗಳು ಮೇಲಿಂದ ಕೆಳಕ್ಕೆ ಹರಿಯುತ್ತಲೇ ಇದ್ದವು. ಪರದೆಯ ಮೇಲೆ ಅಂಕಿಗಳು ಓಡುತ್ತಲೇ ಇದ್ದವು. ಯಂತ್ರ ಮಾತ್ರ ಉಸಿರೂ ಬಿಡುತ್ತಿರಲಿಲ್ಲ.

ಅವಳು ಆ ಮೂಲೆಗೆ ನಡೆದುಹೋಗಿ ಅದರ ಪಕ್ಕದಲ್ಲಿ ನಿಂತಳು. ದನಿ ಏರಿಸಲಿಲ್ಲ.

“ಲೈಲ್,” ಅಂದಳು, “ಇದರ ಪಕ್ಕದ ಹಲಗೆ ತೆಗಿ. ಭಾನುವಾರ ತಾತನನ್ನ ಅಷ್ಟು ಬೇಗ ಯಾಕೆ ಕರೆಸಿದೆ ಅಂತ ಆಮೇಲೆ ಹೇಳುವೆಯಂತೆ.”

ಲೈಲ್ ಕೈಗವಸುಗಳನ್ನು ಮತ್ತೆ ಮೇಜಿನ ಮೇಲಿಟ್ಟ.